ದಿನದ ಬಾವುಟ

"ಯಾವ ಮಿಂಡ ಹೇಳಿದ್ನೇ ನಿಂಗೆ, ಇದನ್ನ ಒಗಿ ಅಂತ?"

ಮಲ್ಲೇಶಪ್ಪ ಬಾವುಟವನ್ನು ಕೈಯಿಂದ ಮುಟ್ಟಿರಲಿಲ್ಲ. ಪಂಚಾಯ್ತಿ ಆಫೀಸಿನ ಮೂಲೆಯಲ್ಲಿದ್ದ ಜೇಡರಬಲೆ ಹೊಡೆಯುವ ಕೋಲಿನ ತುದಿಗೆ ಅದನ್ನು ಸಿಕ್ಕಿಸಿ, ಹೊಡೆದ ಹಾವನ್ನು ಓಣಿಗೆಲ್ಲ ತೋರಿಸುವವನ ಹಾಗೆ ಅಂಗಳದಲ್ಲಿ ನಿಂತವರಿಗೆ ತೋರಿಸುತ್ತಿದ್ದ. ಮೇಲಿನ ಕೇಸರಿ ಸ್ವಲ್ಪ ಕಂದಿತ್ತು, ಕೆಳಗಿನ ಹಸಿರು ಹಾಗೇ ಇತ್ತು. ನಡುವಿನ ಬಿಳಿ ಮಾತ್ರ ಬಿಳಿಯಾಗಿ ಉಳಿದಿರಲಿಲ್ಲ. ಚಕ್ರ ಬಣ್ಣ ಬಿಟ್ಟುಕೊಂಡು, ಅದು ಇದ್ದ ಜಾಗದಲ್ಲಿ ಲೋಟ ಇಟ್ಟು ಎತ್ತಿದಂಥ ಒಂದು ಮಸಕು ಉಂಗುರ ಕಾಣುತ್ತಿತ್ತು. ಸುತ್ತ ಎಲ್ಲ ತಿಳಿನೀಲಿ.

ಚೌಡಮ್ಮ ಪೊರಕೆ ಹಿಡಿದುಕೊಂಡೇ ನಿಂತಿದ್ದಳು. ಅರ್ಧ ಅಂಗಳ ಗುಡಿಸಿದ್ದಳು, ಇನ್ನರ್ಧ ಉಳಿದಿತ್ತು.

"ಕೊಳೆ ಆಗಿತ್ತು ಗೌಡ್ರೆ," ಅಂದಳು.

"ಕೊಳೆ ಆಗಿತ್ತಂತೆ. ನಿನ್ ಲಂಗಾ ಏನೇ ಇದು, ಕೊಳೆ ಆತು ಅಂತ ಕಲ್ಲಿಗೆ ಬಡಿಯಾಕೆ?"

ಅಂಗಳದಲ್ಲಿದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ವಾಟರ್‌ಮ್ಯಾನ್ ಭೀಮೇಶ. ನಗದಿದ್ದರೆ ಗೌಡರು ತನ್ನ ಕಡೆ ತಿರುಗುತ್ತಾರೆಂಬುದು ಅವನಿಗೆ ಗೊತ್ತಿತ್ತು.

ಮಲ್ಲೇಶಪ್ಪ ಆ ಪಂಚಾಯ್ತಿಯ ಅಧ್ಯಕ್ಷನಲ್ಲ. ಅಧ್ಯಕ್ಷೆ ಅವನ ಹೆಂಡತಿ ಲಕ್ಷ್ಮೀದೇವಿ. ಬೋರ್ಡಿನ ಮೇಲೆ ಹೆಸರು ಅವಳದು. ಕುರ್ಚಿ, ಕಾರು, ಬಾಯಿ ಮೂರೂ ಅವನವು. ಬಿದರಗೊಂದಿಯಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಂಡಿರಲಿಲ್ಲ. ಹೆಂಗಸಿಗೆ ಮೀಸಲಾತಿ ಬಂದರೆ ಗಂಡನಿಗೆ ಕೆಲಸ ಹೆಚ್ಚು ಅಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಆಗಿದ್ದು ಇಷ್ಟು. ಹಬ್ಬ ಯಾವುದೇ ಬರಲಿ, ಕೇರಿಯ ಹೆಂಗಸರು ಮೊದಲು ಮಾಡುವ ಕೆಲಸ ಕೌದಿ ಒಗೆಯುವುದು. ಪಂಚಮಿಗೂ ಒಗೆಯುತ್ತಾರೆ, ಮಾರ್ನಮಿಗೂ ಒಗೆಯುತ್ತಾರೆ. ಚಾನಲ್ಲಿನ ಏರಿಯ ಉದ್ದಕ್ಕೂ ಕೌದಿ ಹರವಿದರೆ ಹಬ್ಬ ಬಂತು ಎಂದೇ ಲೆಕ್ಕ. ಆಗಸ್ಟ್ ಹದಿನೈದು ಹತ್ತಿರ ಬಂದಾಗ ಚೌಡಮ್ಮ ಬಾವುಟವನ್ನು ನೋಡಿದ್ದಳು. ಎದುರಿನ ಅಕ್ಕಿ ಗಿರಣಿಯ ತೌಡಿನ ಧೂಳು ಕೂತು ಅದು ಗೋಣಿಯ ಬಣ್ಣಕ್ಕೆ ತಿರುಗಿತ್ತು, ಕಾಗೆ ಬೇರೆ ಹೇತಿತ್ತು. ಬಾವುಟದ ಹಬ್ಬಕ್ಕೆ ಬಾವುಟವೇ ಕೊಳಕಾಗಿದ್ದರೆ ಹೆಂಗೆ ಅಂತ ಮನೆಗೆ ಒಯ್ದು, ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿದಳು. ಚಕ್ರ ಬಿಟ್ಟುಕೊಂಡಿತು. ಬಿಳಿಯನ್ನಾದರೂ ಉಳಿಸೋಣವೆಂದು, ಮೇಷ್ಟ್ರುಗಳ ಪಂಚೆಗೆ ಹಾಕುವ ಹಾಗೆ ನೀಲಿ ಹಾಕಿದಳು. ಇದ್ದ ಬಿಳಿಯೂ ಹೋಯಿತು. ಹಿತ್ತಲಿನ ತಂತಿಯ ಮೇಲೆ, ಮಗಳ ಚೂಡಿದಾರಕ್ಕೂ ತನ್ನ ಲಂಗಕ್ಕೂ ನಡುವೆ ಅದನ್ನು ಒಣಹಾಕಿದಳು. ರಸ್ತೆಯಲ್ಲಿ ಹೋಗುವ ಯಾರೋ ಫೋಟೋ ಹೊಡೆದ. ದೀಪ ಹಚ್ಚುವ ಹೊತ್ತಿಗೆ ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರೂ ಚೌಡಮ್ಮನ ಲಂಗ ನೋಡಿದ್ದರು.

ಪಂಚಾಯ್ತಿ ಆಫೀಸಿನ ಮುಂದೆ ದಿನಾ ಬಾವುಟ ಹಾರಬೇಕೆಂಬುದು ಮೇಲಿನ ಹುಕುಂ. ಹುಕುಂ ಮೇಲಿಂದ ಬಂದರೂ ಹಗ್ಗ ಎಳೆಯುವವರು ಕೆಳಗಿನವರೇ. ಚೌಡಮ್ಮನ ಗಂಡ ಸಣ್ಣಪ್ಪ ಇರುವ ತನಕ ಅವನು ಎಳೆದ. ಅವನು ಸತ್ತ ಮೇಲೆ ಅವನ ಪೊರಕೆಯ ಜೊತೆಗೆ ಹಗ್ಗವೂ ಚೌಡಮ್ಮನ ಕೈಗೆ ಬಂತು. ಬೆಳಿಗ್ಗೆ ಅಂಗಳ ಗುಡಿಸಿ, ಕೈ ತೊಳೆದು, ಕಂಬದ ಕಟ್ಟೆ ಹತ್ತಿ ಏರಿಸುವುದು. ಹೊತ್ತು ಮುಳುಗುವ ಮುಂಚೆ ಇಳಿಸಿ, ಮಡಿಸಿ, ಬೀರುವಿನ ಕೆಳಗಿನ ಅರೆಯಲ್ಲಿ ಫಿನಾಯ್ಲಿನ ಪಕ್ಕ ಇಡುವುದು. ಆ ಹೊತ್ತಿಗೆ ಅಲ್ಲಿ ಸೆಲ್ಯೂಟ್ ಹೊಡೆಯುವವರು ಯಾರೂ ಇರುವುದಿಲ್ಲ. ಗಿರಣಿಗೆ ಹೋಗುವ ಹಮಾಲರು ಒಮ್ಮೊಮ್ಮೆ ಬೀಡಿ ಮರೆಮಾಡುತ್ತಾರೆ, ಅಷ್ಟೇ.

ಬೀರುವಿನ ಮೇಲಿನ ಅರೆಗೆ ಬೀಗ. ಅಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ, ನುಸಿಗುಳಿಗೆಯ ಜೊತೆ, ದೊಡ್ಡ ಖಾದಿ ಬಾವುಟ. ಅದು ವರ್ಷಕ್ಕೆ ಎರಡು ಸಲ ಹೊರಬರುತ್ತದೆ. ಆ ಎರಡು ದಿನ ಕಟ್ಟೆಗೆ ಗಂಜಲ ಚಿಮುಕಿಸಿ, ವಿಭೂತಿ ಬಳಿದು, ಕಾಯಿ ಒಡೆಯುತ್ತಾರೆ. ಆಮೇಲೆ ಚೌಡಮ್ಮ ಕಟ್ಟೆ ಹತ್ತುವ ಹಾಗಿಲ್ಲ. ಸಂಜೆ ಇಳಿಸುವಾಗ ಮಾತ್ರ ಹತ್ತಬಹುದು. ಭಾಷಣ, ಫೋಟೋ, ಲಾಡು ಮುಗಿಯುವಷ್ಟರಲ್ಲಿ ಆ ಮಡಿ ತಾನಾಗಿಯೇ ಕಳೆದಿರುತ್ತದೆ. ಊರಿನ ಹೋಟೆಲಿನಲ್ಲಿ ಬೇರೆ ಲೋಟ ಇಡುವುದು ನಿಂತು ಎಷ್ಟೋ ಕಾಲವಾಯಿತು ಅಂತ ಬಂದ ಅಧಿಕಾರಿಗಳಿಗೆಲ್ಲ ಹೇಳುತ್ತಾರೆ. ನಿಜ. ಈಗ ಎಲ್ಲರಿಗೂ ಪೇಪರ್ ಲೋಟ. ಬಾವುಟ ಮಾತ್ರ ಎರಡು.

"ಮೂರು ವರ್ಷ ಜೈಲು ಐತೆ ಇದಕ್ಕೆ," ಅಂದ ಪಿಡಿಒ ರಂಗನಾಥ್, ಮೊಬೈಲಿನಿಂದ ಕಣ್ಣೆತ್ತದೆ. ದನಿಯಲ್ಲಿ ಸಿಟ್ಟಿರಲಿಲ್ಲ, ಹವಾಮಾನ ಹೇಳಿದ ಹಾಗಿತ್ತು. ಪೊಲೀಸಿನವರೆಗೆ ಹೋಗುವುದು ಅವನಿಗೂ ಬೇಕಿರಲಿಲ್ಲ. ಹೋದರೆ, ಒಂದು ಒಗೆತಕ್ಕೆ ಬಣ್ಣ ಬಿಡುವ ಇಂಥ ಬಾವುಟವನ್ನು ತಂದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

ಹಾಲಸ್ವಾಮಿ ಮೇಷ್ಟ್ರನ್ನು ಕರೆಸಿದ್ದರು. ರಿಟೈರಾದ ಮೇಲೂ ಎರಡೂ ರಾಷ್ಟ್ರೀಯ ಹಬ್ಬಗಳ ಭಾಷಣ ಅವರದೇ, ಕಟ್ಟೆಯ ಪೂಜೆಯೂ ಅವರದೇ. ಅವರು ಕನ್ನಡಕ ಹಾಕಿಕೊಂಡು ಕೋಲಿನ ತುದಿಯ ಬಟ್ಟೆಯನ್ನು ನೋಡಿ, ಯಾರೂ ಕೇಳದಿದ್ದರೂ ಶುರುಮಾಡಿದರು. ಕೇಸರಿ ಎಂದರೆ ತ್ಯಾಗ, ಹಸಿರು ಎಂದರೆ ಸಮೃದ್ಧಿ, ಬಿಳಿ ಎಂದರೆ ಶಾಂತಿ. ಈಯಮ್ಮ ಶಾಂತಿಗೇ ಕೈ ಹಾಕಿದ್ದಾಳೆ ಅಂದರು.

"ಬರೀ ಕೈ ಹಾಕಿಲ್ಲ ಮೇಷ್ಟ್ರೆ. ನೀಲಿ ಯಾಕೆ ಹಾಕಿದ್ಲು, ಅದನ್ನ ಕೇಳ್ರಿ," ಅಂದ ಮಲ್ಲೇಶಪ್ಪ. "ಇವ್ಳ ಮಗಳು ದಾವಣಗೆರೆಗೆ ಹೋಗಿ ಬುದ್ಧನ ಮಂತ್ರ ಕಲ್ತು ಬಂದಾಳೆ. ನಮ್ ಬಾವುಟಾನ ಜೈಭೀಮ್ ಬಾವುಟ ಮಾಡಾಕೆ ಹೊಂಟಾರೆ ಮುಂಡೇವು."

ಚೌಡಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಕಾಗೆಯ ಹಿಕ್ಕೆಯಿಂದ ಶುರುವಾಗಿದ್ದು ಎಲ್ಲಿಗೆ ಬಂತು ಅಂತ ಅವಳು ಬಾಯಿ ತೆರೆದು ನಿಂತಳು. ಅಷ್ಟರಲ್ಲಿ ಮಗಳು ಸುಚಿತ್ರಾ ಬಂದಳು. ನ್ಯಾಮತಿಯ ಮೆಡಿಕಲ್ ಸ್ಟೋರಿನಲ್ಲಿ ಅವಳ ಕೆಲಸ. ಅಲ್ಲಿ ಗಿರಾಕಿಯೊಬ್ಬ ಮೊಬೈಲ್ ತೋರಿಸಿ, ಇದು ನಿಮ್ಮ ಮನೆ ಹಿತ್ತಲಲ್ಲವೇನಮ್ಮ ಅಂತ ಕೇಳಿದ್ದನಂತೆ. ಬಂದವಳು ನೇರ ಮೇಷ್ಟ್ರ ಎದುರು ನಿಂತಳು.

"ಆ ಗಾಲಿ ಯಾರ್ದು ಅಂತ ಒಂದ್ಸಲ ಹೇಳಿಬಿಡ್ರಿ ಸಾರ್. ನಂಗೆ ಕಲ್ಸಿದೋರು ನೀವೇ."

"ಅಶೋಕಂದು. ಅದ್ರಾಗೇನೈತೆ."

"ಅಶೋಕ ಯಾರಿಗೆ ನಡ್ಕೊಂತಿದ್ದ?"

ಮೇಷ್ಟ್ರು ಕೆಮ್ಮಿದರು. ಒಂದು ಕಾಲದಲ್ಲಿ ಜಗಳೂರಿನ ಆಚೆ, ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಅಕ್ಷರ ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋದವರು ಅವರೇ. ಕೇರಿಯ ಮಕ್ಕಳನ್ನು ವ್ಯಾನಿನ ಹಿಂದಿನ ಸೀಟಿಗೆ ಕಳಿಸಿದ್ದೂ ಅವರೇ. "ಅದು ಧರ್ಮಚಕ್ರ ಕಣಮ್ಮ, ಧರ್ಮ ಎಲ್ಲರ್ದೂ," ಅಂದು ಕನ್ನಡಕ ತೆಗೆದರು.

ಸುಚಿತ್ರಾ ಇನ್ನೂ ಏನೋ ಹೇಳುವವಳಿದ್ದಳು. ಚೌಡಮ್ಮ ಅವಳ ತೋಳು ಹಿಡಿದು ಒತ್ತಿದಳು. ಆ ಒತ್ತಿನಲ್ಲಿ ಇದ್ದದ್ದು ಒಂದೇ ಮಾತು. ಚೌಡಮ್ಮನ ಕೆಲಸ ಕಾಯಂ ಆಗುವ ಕಾಗದ ಎಷ್ಟೋ ವರ್ಷ ಅಲೆದು ಕೊನೆಗೂ ಈ ತಿಂಗಳು ದಾವಣಗೆರೆಗೆ ಹೋಗಬೇಕಿತ್ತು. ಕಳಿಸುವವನು ರಂಗನಾಥ್. ಕಳಿಸು ಅನ್ನಬೇಕಾದವನು ಮಲ್ಲೇಶಪ್ಪ. ಕೆಲಸ ಹೋದರೆ ಈ ಸೊಂಟದಲ್ಲಿ ಇನ್ನು ನಾಟಿಗೆ ಬಗ್ಗುವುದಕ್ಕಾಗುವುದಿಲ್ಲ. ಸುಚಿತ್ರಾ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ತೀರ್ಮಾನ ಮಲ್ಲೇಶಪ್ಪನ ಬಾಯಿಂದಲೇ ಬಂತು. ಕೇಸು ಬೇಡ, ಊರಿನ ಮರ್ಯಾದೆ ಊರೊಳಗೇ ಇರಲಿ. ದೇವರ ಗುಡಿಯಲ್ಲಿ ತಪ್ಪಾದರೆ ಏನು ಮಾಡುತ್ತಾರೋ ಅದನ್ನೇ ಮಾಡಲಿ. ಹದಿನೈದನೇ ತಾರೀಖು ತಲೆಮೇಲೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲಿ ಬಂದು, ಕಟ್ಟೆಯ ಕೆಳಗೆ ಊರಿನೆದುರು ಅಡ್ಡಬಿದ್ದು, ತಪ್ಪು ಕಾಣಿಕೆ ಕೊಡಲಿ.

ಬಾವುಟಕ್ಕೆ ತಪ್ಪು ಕಾಣಿಕೆ. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಮೇಷ್ಟ್ರು ತಲೆಯಾಡಿಸಿದರು, ರಂಗನಾಥ್ ನಿಟ್ಟುಸಿರು ಬಿಟ್ಟು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಆ ಸಂಜೆ ಪಕ್ಕದ ಮನೆಯ ಕರಿಯಕ್ಕ ಬಂದು ಹೊಸ್ತಿಲ ಹತ್ತಿರ ಕೂತು, ಎಲೆಗೆ ಸುಣ್ಣ ಹಚ್ಚುತ್ತ ತನ್ನ ಬುದ್ಧಿ ಹೇಳಿದಳು. "ಬಿದ್ದು ಎದ್ದು ಬಂದುಬಿಡೇ. ನೆಲಕ್ಕೆ ಬಿದ್ರೆ ನೆಲ ಏನ್ ಕೇಳ್ತತೆ? ನಾವು ಬೀಳದೆ ಇರಾ ನೆಲ ಈ ಊರಾಗೆ ಯಾವುದೈತೆ."

ಸುಚಿತ್ರಾಳಿಗೆ ರೇಗಿತು. ರೇಗಿದಾಗ ಅವಳು ಕೂಗುವುದಿಲ್ಲ, ಪಾಠ ಹೇಳುತ್ತಾಳೆ. ಬಾವುಟ ಆಕಾಶದಿಂದ ಉದುರಿದ್ದಲ್ಲ ಅಂದಳು. ಮೊದಲು ಕೆಂಪು ಹಸಿರು ಅಂತಿತ್ತು, ಆಮೇಲೆ ಬಿಳಿ ಸೇರಿತು, ಕೆಂಪು ಹೋಗಿ ಕೇಸರಿ ಬಂತು, ನಡುವೆ ನೂಲುವ ರಾಟೆ ಇತ್ತು. ಸ್ವಾತಂತ್ರ್ಯ ಬರುವ ಮುಂಚೆ ಒಂದು ಸಮಿತಿ ಕೂತಿತು. ಅದರಲ್ಲಿ ಬಾಬಾಸಾಹೇಬರೂ ಇದ್ದರು. ರಾಟೆ ತೆಗೆದು ಅದರ ಗಾಲಿಯನ್ನಷ್ಟೇ ಇಟ್ಟುಕೊಂಡರು, ಅಶೋಕನ ಕಂಬದ ಮೇಲಿನ ಗಾಲಿಯ ಹಾಗೆ. ಅಶೋಕನಿಗೆ ಅದು ಬುದ್ಧನಿಂದ ಬಂದದ್ದು. ನಮ್ಮ ಗಾಲಿ ಕಣವ್ವ ಅದು ಅಂದಳು.

"ರಾಟೆ ಯಾಕೆ ತೆಗದ್ರು?" ಚೌಡಮ್ಮ ಕೇಳಿದಳು.

ಎರಡೂ ಕಡೆಯಿಂದ ಒಂದೇ ಥರ ಕಾಣಬೇಕಲ್ಲ, ರಾಟೆ ಇಟ್ಟರೆ ಹಿಂದಿನಿಂದ ನೋಡಿದಾಗ ತಿರುವುಮುರುವಾಗುತ್ತಿತ್ತು, ಅದಕ್ಕೆ ಅಂದಳು ಸುಚಿತ್ರಾ.

ಚೌಡಮ್ಮ ಒಲೆಯಲ್ಲಿ ಕಟ್ಟಿಗೆ ಮುಂದೆ ನೂಕಿದಳು. "ಹಂಗಾರೆ ದುಡಿಯಾ ಸಾಮಾನು ಡೊಂಕು ಕಾಣ್ತು ಅಂತ ತೆಗದು, ರಾಜನ ಸಾಮಾನು ಇಟ್ರು," ಅಂದಳು. "ಆತು ಬಿಡು. ದುಡಿಯಾದು ಯಾವಾಗ ನೆಟ್ಟಗೆ ಕಂಡೈತೆ."

ಮಗಳಿಗೆ ಅದು ನಾಟಿತು. ಅವಳು ಎದ್ದು ಹಿತ್ತಲಿಗೆ ಹೋದಳು. ಚೌಡಮ್ಮ ಅವಳನ್ನು ಕರೆಯಲಿಲ್ಲ. ಮರುದಿನ ಅಂಗಡಿಗೆ ಹೋಗಿ, ಜುಟ್ಟು ಗಟ್ಟಿ ಇರುವ ಒಂದು ಕಾಯಿ ಆರಿಸಿ ತಂದಳು.

ಹದಿನೈದರ ಬೆಳಿಗ್ಗೆ ಸೋನೆ ಹಿಡಿದಿತ್ತು. ಎದ್ದವಳೇ ಎಂದಿನಂತೆ ಅಂಗಳ ಗುಡಿಸಿ, ಕಟ್ಟೆಯನ್ನೂ ಗುಡಿಸಿ ಇಳಿದಳು. ಅವಳು ಇಳಿದ ಮೆಟ್ಟಿಲಿಗೆ ಹಾಲಸ್ವಾಮಿ ಮೇಷ್ಟ್ರು ಗಂಜಲ ಚಿಮುಕಿಸಿದರು. ಶಾಲೆಯ ಮಕ್ಕಳು ಸಾಲಾಗಿ ಬಂದರು. ಲಕ್ಷ್ಮೀದೇವಿಗೆ ಕೇಸರಿ ಅಂಚಿನ ಬಿಳಿ ಸೀರೆ ಉಡಿಸಿದ್ದರು. ಅವಳ ಕೈಗೆ ಹಗ್ಗ ಕೊಟ್ಟರು. ಅವಳ ಕೈಯ ಮೇಲೆ ಮಲ್ಲೇಶಪ್ಪ ತನ್ನ ಕೈ ಇಟ್ಟು ಎಳೆದ. ಅವಳ ಕೈ ಅಲ್ಲಿ ಬೇಕೇ ಇರಲಿಲ್ಲ. ದೊಡ್ಡ ಬಾವುಟ ಮೇಲೇರಿ ಬಿಚ್ಚಿಕೊಂಡಿತು, ಚೆಂಡುಹೂವಿನ ಎಸಳು ಉದುರಿದವು. ಮೇಷ್ಟ್ರು ತ್ಯಾಗ, ಶಾಂತಿ, ಸಮೃದ್ಧಿಗಳನ್ನು ವಿವರಿಸಿದರು. ಮಕ್ಕಳ ಕಣ್ಣು ಲಾಡುವಿನ ಡಬ್ಬದ ಮೇಲಿತ್ತು.

ಆಮೇಲೆ ಮಲ್ಲೇಶಪ್ಪ ಮೈಕಿನಲ್ಲಿ, ಒಂದು ಸಣ್ಣ ಕಾರ್ಯಕ್ರಮ ಐತೆ, ಯಾರೂ ಹೋಗಬೇಡ್ರಿ ಅಂದ.

ಚೌಡಮ್ಮ ಬಂದಳು. ಬೋರಿನ ಹತ್ತಿರ ತಲೆಮೇಲೆ ನೀರು ಹೊಯ್ದುಕೊಂಡಿದ್ದಳು. ಸೀರೆ ಕಾಲಿಗೆ ಸುತ್ತಿಕೊಂಡು ಹೆಜ್ಜೆ ಇಡುವುದು ಕಷ್ಟವಾಗುತ್ತಿತ್ತು. ಒದ್ದೆ ಮೈಯನ್ನು ಊರಿನ ಗಂಡಸರು ನೋಡುತ್ತಿದ್ದರು, ನೋಡಬೇಕೆಂದೇ ನಿಲ್ಲಿಸಿದ್ದರು. ಯಾರೋ ಮೊಬೈಲ್ ಎತ್ತಿದರು. ಕೇರಿಯವರು ರಸ್ತೆಯ ಆಚೆ ನಿಂತಿದ್ದರು. ಸುಚಿತ್ರಾ ಅವರ ಮುಂದೆ, ಕೈಕಟ್ಟಿಕೊಂಡು. ಚೌಡಮ್ಮ ಕಾಯಿಯನ್ನು ಎದೆಗೆ ಹಿಡಿದು ಕಟ್ಟೆಯ ಎದುರು ನಿಂತಳು. ಅವಳು ಬೀಳುವುದಕ್ಕೆ ತಯಾರಾಗಿಯೇ ಬಂದಿದ್ದಳು. ಮಂಡಿ ಬಗ್ಗಿಸಿಯೂ ಇದ್ದಳು.

"ತಡಿ. ಬಾಯಲ್ಲೂ ಹೇಳ್ಬೇಕು," ಅಂದರು ಮೇಷ್ಟ್ರು. "ಮುಟ್ಟಬಾರದ್ದನ್ನ ಮುಟ್ಟಿದೆ, ತಪ್ಪಾತು, ಅಂತ ಹೇಳು."

ಚೌಡಮ್ಮ ಬಗ್ಗಿಸಿದ ಮಂಡಿಯನ್ನು ನೆಟ್ಟಗೆ ಮಾಡಿದಳು. ಯೋಚನೆ ಮಾಡುವವಳಂತೆ ಕಂಬದ ತುದಿಯವರೆಗೆ ಒಮ್ಮೆ ನೋಡಿದಳು.

"ಮುಟ್ಟಬಾರದೇನ್ರಿ ನಾನು ಅದನ್ನ?"

"ಮುಟ್ಟಿದ್ದಕ್ಕೇ ಅಲ್ಲೇನೇ ಇಷ್ಟೆಲ್ಲಾ," ಅಂದ ಮಲ್ಲೇಶಪ್ಪ. ಮೈಕು ಇನ್ನೂ ಅವನ ಕೈಯಲ್ಲಿತ್ತು. ಮಾತು ಗಿರಣಿಯ ಗೋಡೆಗೆ ಬಡಿದು ವಾಪಸು ಬಂತು.

"ಇನ್ಮ್ಯಾಲೂ?"

"ಇನ್ಮ್ಯಾಲೂ ಮುಟ್ಟಂಗಿಲ್ಲ. ಹೇಳು, ಹೊತ್ತಾತು."

ಚೌಡಮ್ಮ ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲಿದ್ದವರು ಅವಳು ಅಳುತ್ತಾಳೆ ಅಂದುಕೊಂಡರು. ಅವಳು ಬಗ್ಗಿ, ಕಾಯಿಯನ್ನು ಒಡೆಯದೆ ಹಾಗೇ ನೆಲದ ಮೇಲೆ ಇಟ್ಟಳು.

"ಊರೆಲ್ಲಾ ಕೇಳೈತೆ," ಅಂದಳು. "ಮುಟ್ಟಲ್ಲ ಬಿಡ್ರಿ."

ತಿರುಗಿ, ಒದ್ದೆ ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ರಸ್ತೆ ದಾಟಿ ಹೋದಳು. ಹಿಂದಿನಿಂದ ಬೈಗುಳ ಬಂದವು, ತಾಯಿಯದ್ದು, ಜಾತಿಯದ್ದು. ಮೈಕು ಬಂದ್ ಮಾಡುವುದನ್ನು ಮಲ್ಲೇಶಪ್ಪ ಮರೆತಿದ್ದ. ಮಕ್ಕಳು ನಕ್ಕರು. ರಂಗನಾಥ್ ಹೋಗಿ ಅವನ ಕೈಯಿಂದ ಮೈಕು ಇಸಿದುಕೊಂಡು, ಲಾಡು ಹಂಚಿ ಅಂದ.

ಮಧ್ಯಾಹ್ನಕ್ಕೆ ಸೋನೆ ಹೋಗಿ ಮಳೆಯೇ ಹಿಡಿಯಿತು. ಜೊತೆಗೆ ಹೊಳೆಯ ಕಡೆಯ ಗಾಳಿ. ಖಾದಿ ನೀರು ಕುಡಿದು ಭಾರವಾಗಿ ಕಂಬಕ್ಕೆ ಸುತ್ತಿಕೊಂಡಿತು. ಕೇಸರಿ ತುದಿ ಎಲ್ಲಿಯೋ ಸಿಕ್ಕಿಕೊಂಡು ಹರಿಯುವ ಸದ್ದು ಗಾಳಿ ಬೀಸಿದಾಗಲೆಲ್ಲ ಕೇಳುತ್ತಿತ್ತು. ಸಂಜೆಯಾಗುತ್ತಲೇ ಭೀಮೇಶ ಛತ್ರಿ ಹಿಡಿದು ಕೇರಿಗೆ ಬಂದ. ಬಾವುಟ ಇಳಿಸಬೇಕಂತೆ, ಸಾರ್ ಕರೀತಾರೆ ಅಂದ. ಚೌಡಮ್ಮ ಬಾಗಿಲಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಗೌಡರು ಮುಟ್ಟಬೇಡ ಅಂದಾರಪ್ಪ, ಮೈಕಿನಾಗೆ ಅಂದಾರೆ ಅಂದಳು. ಭೀಮೇಶ ನಗಲಿಲ್ಲ. ನಾನು ಎಳೀಲೇನಕ್ಕ ಅಂತ ಮೆಲ್ಲಗೆ ಕೇಳಿದ. ನಿನ್ನಿಷ್ಟ, ಆದರೆ ನಾಳೆ ಯಾರ ಹಿತ್ತಲಿನ ಫೋಟೋ ಬರ್ತದೋ ನೋಡಿಕೋ ಅಂದಳು ಅವಳು. ಅವನು ಛತ್ರಿ ಮಡಿಸಿ ಸೀದಾ ತನ್ನ ಮನೆಗೆ ಹೋದ.

ರಂಗನಾಥ್ ಒಂದು ದಾರಿ ಹೇಳಿದನಂತೆ. ಈಗ ಕಾನೂನು ಬದಲಾಗಿದೆ, ರಾತ್ರಿಯೂ ಹಾರಬಹುದು, ಬಿಡಿ ಸಾರ್ ಅಂತ. ಹರಿದಿದ್ದು ಹಾರಬಹುದೇನೋ ಬೋಳಿಮಗನೆ ಅಂತ ಮಲ್ಲೇಶಪ್ಪ ಅವನಿಗೇ ಬೈದ. ರಸ್ತೆಯ ಆಚೆ ಕೇರಿಯ ಹುಡುಗರು ಮೊಬೈಲ್ ಹಿಡಿದು ನಿಂತದ್ದು ಅವನಿಗೆ ಕಂಡಿತ್ತು.

ಕೊನೆಗೆ ಅವನೇ ಬಂದ. ಕೇರಿಯ ಮೊದಲ ಮನೆಯ ಹತ್ತಿರ, ಕಾಂಕ್ರೀಟ್ ರಸ್ತೆ ಮುಗಿಯುವಲ್ಲಿ ನಿಂತ. ಅಲ್ಲಿಂದ ಮುಂದೆ ಅವನು ಓಟು ಕೇಳಲು ಬಿಟ್ಟರೆ ಕಾಲಿಟ್ಟವನಲ್ಲ.

"ಏ ಚೌಡಿ. ಬಂದು ಇಳ್ಸಿ ಹೋಗೇ. ಬೆಳಿಗ್ಗಿಂದು ಮರ್ತಬಿಡಾನ."

ಅವಳು ಕಾಯಿ ಸುಲಿಯುತ್ತಿದ್ದಳು. ಕಾಳು ಮೊರಕ್ಕೆ ಬೀಳುವ ಸದ್ದು.

"ನಿನ್ ಕಾಯಂ ಕಾಗದ ನನ್ ಕೈಯಾಗೈತೆ. ನೆಪ್ಪಿರಲಿ."

ಆಗ ಅವಳ ಕೈ ನಿಂತಿತು. ಒಳಗೆ ಸುಚಿತ್ರಾ ಬಾಗಿಲ ಹಿಂದೆ ನಿಂತಿದ್ದಳು. ಪಕ್ಕದ ಬಾಗಿಲಲ್ಲಿ ಕರಿಯಕ್ಕ, ಹೋಗು ಅನ್ನುವಂತೆ ಗದ್ದ ಆಡಿಸಿದಳು. ಇಷ್ಟು ವರ್ಷ ಕಾದದ್ದು, ಬಗ್ಗದ ಸೊಂಟ, ಮಗಳ ಮದುವೆ, ಎಲ್ಲ ಒಟ್ಟಿಗೆ ಚೌಡಮ್ಮನ ಕಣ್ಣ ಮುಂದೆ ಬಂದು ಹೋಯಿತು. ಅವಳು ತಲೆ ಎತ್ತಿ ಮಲ್ಲೇಶಪ್ಪನ ಬಿಳಿ ಪಂಚೆಯನ್ನು ನೋಡಿದಳು, ಅದರ ಅಂಚಿಗೆ ಹಾರಿದ ರಾಡಿಯನ್ನು ನೋಡಿದಳು.

"ಆ ಕಾಗದ ಒದ್ದೆ ಆದ್ರೆ ನೀವೇ ಒಣಗ್ಸಿಕೊಳ್ರಿ," ಅಂದಳು. "ನಾನು ಅದನ್ನೂ ಮುಟ್ಟಲ್ಲ."

ಮತ್ತೆ ಅಲಸಂದೆಕಾಯಿಗೆ ಕೈ ಹಾಕಿದಳು. ಅವನು ಏನೇನೋ ಅಂದ. ಕಾಯಿ ಸುಲಿಯುವ ಕೈಗಳಿಗೆ ಎಷ್ಟು ಹೊತ್ತು ಬೈಯುವುದು? ಅವನು ಹೋದ.

ಅವಳ ಬಾಗಿಲಿನಿಂದ ಕಂಬ ಕಾಣುತ್ತದೆ. ಮಲ್ಲೇಶಪ್ಪ, ರಂಗನಾಥ್, ಹಾಲಸ್ವಾಮಿ ಮೇಷ್ಟ್ರು ಮೂವರೂ ಕಟ್ಟೆ ಹತ್ತಿದ್ದು ಕಂಡಿತು. ಮೂವರಲ್ಲಿ ಒಬ್ಬರೂ ಜೀವಮಾನದಲ್ಲಿ ಬಾವುಟ ಇಳಿಸಿದವರಲ್ಲ. ಒಬ್ಬ ಒಂದು ಹಗ್ಗ ಎಳೆದ, ಇನ್ನೊಬ್ಬ ಇನ್ನೊಂದನ್ನು ಎಳೆದ. ಒದ್ದೆ ನೈಲಾನ್ ಹಗ್ಗ ಜಾರಿತು, ಮಲ್ಲೇಶಪ್ಪ ಹಗ್ಗವನ್ನು ಕೈಗೆ ಸುತ್ತಿಕೊಂಡು ಜಗ್ಗಿದ. ಬಾವುಟ ಅರ್ಧ ಕಂಬದವರೆಗೆ ಬಂತು. ಅಲ್ಲಿಗೆ ಮೇಲೆ ಹಗ್ಗ ರಾಟೆಯಿಂದ ಹಾರಿ ಪಕ್ಕಕ್ಕೆ ಸಿಕ್ಕಿಹಾಕಿಕೊಂಡಿತು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಮೂವರೂ ಮಳೆಯಲ್ಲಿ ಹಗ್ಗ ಹಿಡಿದು ನಿಂತರು. ಬಿಟ್ಟರೆ ಏನಾಗುತ್ತದೋ ಎಂಬ ಹೆದರಿಕೆಗೆ ಬಿಡಲೂ ಇಲ್ಲ.

ಸಾಸ್ವೆಹಳ್ಳಿ ಕಡೆಯಿಂದ ಒಂದು ಬೈಕ್ ಬಂತು. ಬೇರೆ ಊರಿನ ವಯಸ್ಸಾದ ಗಂಡಹೆಂಡತಿ. ಅರ್ಧಕ್ಕೆ ನಿಂತ ಬಾವುಟ ನೋಡಿ ಮುದುಕ ಬೈಕ್ ನಿಲ್ಲಿಸಿದ. ಒಂದು ಕಾಲು ನೆಲಕ್ಕೆ ಊರಿ, ಮಳೆಯ ಸದ್ದನ್ನು ಮೀರಿ ಕೇಳುವಂತೆ ಕೂಗಿದ.

"ಯಾರ್ರೀ ತೀರ್ಕೊಂಡ್ರು?"

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕ, ದೊಡ್ಡವರೇ ಯಾರೋ ಇರಬೇಕೆಂದುಕೊಂಡು, ಮಳೆಗೆ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಬರಿತಲೆಯಲ್ಲಿ ನಿಂತ.